ಒಂದು ಗೆರೆಯನ್ನೂ ಎಳೆಯದವರ ಕೆಲಸ

ಡೊಂಬಿವಲಿಯಿಂದ ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ ಅನಂತ ಪೈ ಅವರನ್ನು ‘ಅಮರ ಚಿತ್ರ ಕಥೆ’ ಕಾಮಿಕ್ಸ್ ಸರಣಿಯನ್ನು ಕಟ್ಟಿದವರು ಎಂದು ಹೊಗಳಿದ್ದೀರಿ. ಚಿತ್ರ ಬರೆದವರು ಬೇರೆ, ಎಷ್ಟೋ ಕಥೆ ಬರೆದವರೂ ಬೇರೆ. ಪೈ ಮಾಡಿದ್ದೇನು? ಅವರು ದುಡಿದದ್ದು ಇಂಗ್ಲಿಷಿಗೆ, ಕನ್ನಡಕ್ಕೇನು ಬಂತು? ಕಾಲೇಜಿಗೆ ಹೋಗುವ ನನ್ನ ಮಗಳು ಕಾಮಿಕ್ಸ್ ಬರೆಯುತ್ತೇನೆ ಎಂದು ಕೂತಿದ್ದಾಳೆ. ಚಿತ್ರ ಬಿಡಿಸಲು ಬಾರದು. ಅವಳಿಗೆ ಏನು ಹೇಳಲಿ?”

ಮಾನ್ಯರೇ,

ನಿಮ್ಮ ಮೊದಲ ಪ್ರಶ್ನೆಯಲ್ಲೇ ನನಗೆ ಹೆಚ್ಚು ಆಸಕ್ತಿ. ಸಂಪಾದಕನೆಂದರೆ ಬಂದದ್ದನ್ನು ತಿದ್ದಿ ಅಚ್ಚಿಗೆ ಕಳಿಸುವವನು ಎಂಬ ಭಾವನೆ ಎಲ್ಲೆಡೆ ಇದೆ. ಕಾಮಿಕ್ಸ್ ಮನೆಯಲ್ಲಿ ಹಾಗಲ್ಲ. ಅಲ್ಲಿ ಕಥೆ ಆರಿಸುವುದರಿಂದ ಹಿಡಿದು ಕೊನೆಯ ಬಲೂನಿನ (ಪಾತ್ರದ ಮಾತು ಬರೆಯುವ ಗುಳ್ಳೆಯ) ಮಾತಿನವರೆಗೆ ಅವನ ಕೈ ಇರುತ್ತದೆ.

ಉದಾಹರಣೆಗೆ ಉಳ್ಳಾಲದ ರಾಣಿ ಅಬ್ಬಕ್ಕನ ಕಥೆಯ ಒಂದು ಚೌಕಟ್ಟು ನೋಡಿ. ‘ರಾತ್ರಿಯಾಗಿತ್ತು. ಪೋರ್ಚುಗೀಸರ ಹಡಗುಗಳು ದಡದತ್ತ ಬಂದವು. ರಾಣಿ ಕೋಟೆಯಿಂದ ನೋಡಿದಳು’ ಎಂದು ಲೇಖಕ ಬರೆದು ತರುತ್ತಾನೆ. ಸಂಪಾದಕ ಮೂರು ವಾಕ್ಯವನ್ನೂ ಹೊಡೆದುಹಾಕಬೇಕು. ಕತ್ತಲು, ಹಡಗು, ರಾಣಿ ಮೂರೂ ಚಿತ್ರದಲ್ಲೇ ಕಾಣುತ್ತವೆ. ಉಳಿಯಬೇಕಾದದ್ದು ಕಾಣದ್ದು: ಅವಳು ಪಕ್ಕದ ಕಾವಲುಗಾರನಿಗೆ ಕೊಟ್ಟ ಆಜ್ಞೆ. ಆಮೇಲೆ ಕಲಾವಿದನ ಸರದಿ. ಆ ಕಾಲದ ಹಡಗಿಗೆ ಹಾಯಿ ಹೇಗಿತ್ತು? ರಾಣಿ ಸೀರೆ ಹೇಗೆ ಉಟ್ಟಳು? ಇದಕ್ಕೆಲ್ಲ ಆಧಾರ ಹುಡುಕಿಕೊಡಬೇಕು. 32 ಪುಟದ ಪುಸ್ತಕದ ಉದ್ದಕ್ಕೂ, ಚೌಕಟ್ಟಿನಿಂದ ಚೌಕಟ್ಟಿಗೆ, ಇದೇ ಕೆಲಸ. ಅಂಥ 400ಕ್ಕೂ ಹೆಚ್ಚು ಪುಸ್ತಕಗಳು ಅಮರ ಚಿತ್ರ ಕಥೆಯಲ್ಲಿ ಬಂದಿವೆ.

ಪೈ ಈ ಕೆಲಸಕ್ಕೆ ಬಂದ ದಾರಿ ನೇರವಾಗಿರಲಿಲ್ಲ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಎರಡನೇ ವಯಸ್ಸಿಗೇ ತಂದೆ ತಾಯಿಯನ್ನು ಕಳೆದುಕೊಂಡು, ಹನ್ನೆರಡಕ್ಕೆ ಮುಂಬಯಿಗೆ ಬಂದು ಮಾಹಿಮ್‌ನ ಓರಿಯಂಟ್ ಶಾಲೆ ಸೇರಿದವರು. ಓದಿದ್ದು ರಸಾಯನ ತಂತ್ರಜ್ಞಾನ. ಆ ಪದವಿಯನ್ನು ಬದಿಗಿಟ್ಟು 1954ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆ ಹೊರಡಿಸಿದರು. ಅದು ಬಾಳಲಿಲ್ಲ. ಮುಂದೆ ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗಕ್ಕೆ ಸೇರಿ, 1964ರಲ್ಲಿ ಮುಖವಾಡದ ವೀರ ಫ್ಯಾಂಟಮ್‌ನ ಕಥೆಗಳೊಂದಿಗೆ ಶುರುವಾದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಪಳಗಿದರು. 1967ರಲ್ಲಿ ದೆಹಲಿ ದೂರದರ್ಶನದ ಒಂದು ಕ್ವಿಜ್ ನೋಡಿದ್ದನ್ನು ಅವರು ಜೀವನಪೂರ್ತಿ ಹೇಳುತ್ತಿದ್ದರು. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಪೈ ಇದ್ದ ನೌಕರಿ ಬಿಟ್ಟರು.

ಮುಂದಿನದು ಅಮರ ಚಿತ್ರ ಕಥೆಯ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್. ಭೂಲಾಭಾಯಿ ದೇಸಾಯಿ ರಸ್ತೆಯ ಮಹಾಲಕ್ಷ್ಮಿ ಚೇಂಬರ್ಸ್ ವಿಳಾಸ ಒಂದು ತಲೆಮಾರಿನ ಮಕ್ಕಳಿಗೆ ಬಾಯಿಪಾಠವಾಯಿತು. ರಾಮ್ ವಾಯೀರ್ಕರ್ ಚಿತ್ರ ಬರೆದ ‘ಕೃಷ್ಣ’ ಅಲ್ಲಿಂದ ಹೊರಬಂತು. ಅದರ ಮೊದಲ ಆವೃತ್ತಿಯಲ್ಲಿ ಪೈ ಪವಾಡಗಳನ್ನು ಆದಷ್ಟು ಹಿಂದಕ್ಕೆ ಸರಿಸಿದ್ದರು. ಮೂಢನಂಬಿಕೆ ಹರಡುತ್ತಾರೆ ಎಂದಾರು ಎಂಬ ಅಳುಕು. ನಂತರದ ಆವೃತ್ತಿಯಲ್ಲಿ ಕೃಷ್ಣ ಗೋವರ್ಧನವನ್ನು ಎತ್ತಿಯೇ ಎತ್ತಿದ. ಸರಿಯೋ ತಪ್ಪೋ, ಚಿತ್ರ ಬರೆದ ಕೈ ಯಾರದಾದರೂ ಇರಲಿ, ಬೆಟ್ಟ ಏಳಬೇಕೋ ಬೇಡವೋ ಎಂದು ತೀರ್ಮಾನಿಸಿದವರು ಸಂಪಾದಕರು. ಪೈ ಮಾಡಿದ್ದೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಆದರೆ ನೀವು ಹೇಳಿದ್ದರಲ್ಲಿ ನ್ಯಾಯವಿದೆ. ವಾಯೀರ್ಕರ್, ಪುಣೆಯ ಪ್ರತಾಪ್ ಮುಳೀಕ್, ದಿಲೀಪ್ ಕದಂ, ಯೂಸುಫ್ ಬೆಂಗಳೂರವಾಲಾ ಇಲ್ಲದಿದ್ದರೆ ಪೈ ಅವರ ಯೋಜನೆ ಕಾಗದದಲ್ಲೇ ಉಳಿಯುತ್ತಿತ್ತು. ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಅವರ ಬರವಣಿಗೆ ಇಲ್ಲದಿದ್ದರೂ ಅಷ್ಟೇ. 1980ರಲ್ಲಿ ಶುರುವಾದ ಮಕ್ಕಳ ಪತ್ರಿಕೆ ‘ಟಿಂಕಲ್’ನ ಕಲ್ಪನೆ ಕೂಡ ಸುಬ್ಬರಾವ್ ಅವರದು. ಆ ಪುಸ್ತಕಗಳ ಮೇಲೆ ವಿಮರ್ಶಕರು ಹೊರಿಸಿದ ದೋಷವನ್ನೂ ನಾನು ಒಪ್ಪುತ್ತೇನೆ. ನಾಯಕರೆಲ್ಲ ಬಿಳಿ, ರಾಕ್ಷಸರೆಲ್ಲ ಕಪ್ಪು. ಮಕ್ಕಳ ಮನಸ್ಸಿನಲ್ಲಿ ಇಂಥದ್ದು ಆಳಕ್ಕೆ ಇಳಿಯುತ್ತದೆ, ಅದರ ಹೊಣೆಯೂ ಸಂಪಾದಕರದೇ.

ಇನ್ನು ಕನ್ನಡ. ಇಲ್ಲಿ ನಿಮಗೆ ಸಂತೋಷದ ಸುದ್ದಿಯಿದೆ. ಅಮರ ಚಿತ್ರ ಕಥೆಯ ಸರಣಿಯಲ್ಲಿ ‘ಕೃಷ್ಣ’ದ ಸಂಖ್ಯೆ 11. ಏಕೆ? ಮೊದಲ ಹತ್ತು ಬಂದದ್ದು ಕನ್ನಡದಲ್ಲಿ! ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ 1965ರ ಹೊತ್ತಿಗೆ ಸಿಂಡ್ರೆಲಾದಂಥ ಪಾಶ್ಚಾತ್ಯ ಕಥೆಗಳನ್ನು ಕನ್ನಡ ಚಿತ್ರಕಥೆಗಳಾಗಿ ತಂದರು. ಪೈ ಅವರ ಹೆಸರು ಎತ್ತಿದಾಗಲೆಲ್ಲ ಈ ಹೆಸರನ್ನೂ ಎತ್ತಬೇಕು. ಮುಂಬಯಿಯ ಕನ್ನಡ ಸಭೆಗಳಲ್ಲೂ ಇದನ್ನು ಯಾರೂ ಹೇಳದಿರುವುದು ನನಗೆ ಬೇಸರ ತರುತ್ತದೆ.

ಪೈ ಅವರಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಓದುಗರ ಪತ್ರಕ್ಕೆ ಅವರು ಕೊಟ್ಟ ಬೆಲೆ. ಮಕ್ಕಳಿಗೆ ಅವರು ‘ಅಂಕಲ್ ಪೈ’ ಆದದ್ದು ಟಿಂಕಲ್‌ನ ಪತ್ರಗಳ ಮೂಲಕ. 1983ರಲ್ಲಿ ತಿರುಚ್ಚಿಯ ಓದುಗರೊಬ್ಬರು ಕಳಿಸಿದ ಕಥೆಗಳಿಂದ ಟಿಂಕಲ್‌ನ ಪೆದ್ದ ಪಾತ್ರ ಸುಪ್ಪಂದಿ ಹುಟ್ಟಿದ. ರಾಶಿ ಪತ್ರಗಳ ನಡುವೆ ಅದನ್ನು ಗುರುತಿಸುವುದಕ್ಕೂ ಕಣ್ಣು ಬೇಕು. 2011ರ ಫೆಬ್ರವರಿಯಲ್ಲಿ ದೆಹಲಿಯ ಮೊದಲ ಕಾಮಿಕ್ ಕಾನ್ ಎಂಬ ಕಾಮಿಕ್ಸ್ ಮೇಳದಲ್ಲಿ ಅವರಿಗೆ ಜೀವಮಾನದ ಸಾಧನೆಯ ಗೌರವ ಸಂದಿತು. ಅದಾದ ಕೆಲವೇ ದಿನಗಳಲ್ಲಿ, 24ರಂದು, ಮುಂಬಯಿಯಲ್ಲಿ ತೀರಿಕೊಂಡರು.

ನಿಮ್ಮ ಮಗಳಿಗೆ ಧೈರ್ಯವಾಗಿ ಹೂಂ ಅನ್ನಿ. ಚಿತ್ರ ಬಾರದಿದ್ದರೆ ಕೊರತೆಯಿಲ್ಲ, ಚಿತ್ರವನ್ನು ಓದಲು ಬರಬೇಕು. ನಾಲ್ಕು ಪುಟದ ಒಂದು ಕಥೆ ಬರೆಯಲಿ. ಪುಟಕ್ಕೆ ಐದಾರು ಚೌಕಟ್ಟು ಸಾಕು. ಪ್ರತಿ ಚೌಕಟ್ಟಿಗೂ ಏನು ಕಾಣಬೇಕು, ಯಾರು ಏನು ಅನ್ನಬೇಕು ಎಂದು ಬೇರೆ ಬೇರೆ ಬರೆಯಬೇಕು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೂ ಜಾಗ ಬೇಡುತ್ತವೆ, ಆದ್ದರಿಂದ ಬಲೂನಿನ ಮಾತು ಚಿಕ್ಕದಿರಲಿ. ಡೊಂಬಿವಲಿ ಲೋಕಲ್‌ನ ಜಗಳ, ಮೊಗವೀರರ ಕಡಲ ಕಥೆ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರ ಕಥೆ, ಯಾವುದಾದರೂ ಆಗಬಹುದು. ನಮ್ಮ ಕಚೇರಿಗೆ ಕಳಿಸಲಿ. ನಾನೇ ಕೂತು ಓದುತ್ತೇನೆ, ಹೊಡೆದುಹಾಕಿದ ಪ್ರತಿ ಸಾಲಿಗೂ ಪಕ್ಕದಲ್ಲಿ ಕಾರಣ ಬರೆದು ಹಿಂದಿರುಗಿಸುತ್ತೇನೆ.

— ಸಂಪಾದಕ