ಕನ್ನಡ ಮಾಧ್ಯಮದಲ್ಲಿ ಓದಿದವರು ಮುಂಬೈಯಲ್ಲಿ ಕೌನ್ಸೆಲಿಂಗ್ ಎಂ.ಎ. ಮಾಡಬಹುದೇ?

ಧಾರವಾಡದಲ್ಲಿ ಮನೋವಿಜ್ಞಾನದ ಬಿ.ಎ. ಮುಗಿಸಿದ್ದೀರಿ, ಇಂಗ್ಲಿಷಿನ ಅಳುಕಿದೆ, ಮುಂಬೈಗೆ ಬರಲೇ ಎಂದು ಕೇಳಿದ್ದೀರಿ. ಬನ್ನಿ. ನಾನು ಡೊಂಬಿವಲಿಯ ಕನ್ನಡತಿ, ಇದೇ ಓದು ಓದಿ ಈಗ ಆಪ್ತಸಮಾಲೋಚಕಿಯಾಗಿದ್ದೇನೆ.

ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಕಲೀನಾದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಅನ್ವಯಿಕ ಮನೋವಿಜ್ಞಾನ ವಿಭಾಗ, ಎರಡನ್ನೂ ನೋಡಿ. ಆದರೆ ಎಂ.ಎ. ಕೈಗೆ ಬಂದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಫಲಕ ಹಾಕುವಂತಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ, ನೋಂದಣಿ ಬೇಕು. ಇದು ಗೊತ್ತಿಲ್ಲದೆ ಸೇರಿ ಆಮೇಲೆ ಪೇಚಾಡಿದವರನ್ನು ಕಂಡಿದ್ದೇನೆ.

ಇನ್ನು ಇಂಗ್ಲಿಷ್. ಪಾಠ, ಪರೀಕ್ಷೆಯ ಇಂಗ್ಲಿಷ್ ಒಂದು ಸೆಮಿಸ್ಟರ್ ಕಾಡುತ್ತದೆ, ಆಮೇಲೆ ರೂಢಿಯಾಗುತ್ತದೆ. ನಿಜವಾದ ಕಷ್ಟ ಕ್ಷೇತ್ರಕಾರ್ಯದಲ್ಲಿ, ಅಂದರೆ ನೆರವು ಬೇಕಾದವರೊಡನೆ ಕೂತು ಸಮಾಲೋಚನೆ ಕಲಿಯುವಾಗ. ಪ್ರತಿ ಭೇಟಿಯಲ್ಲಿ ನಡೆದ ಮಾತನ್ನು ಸಾಲು ಸಾಲಾಗಿ ಬರೆದು ಮೇಲ್ವಿಚಾರಕರಿಗೆ ಒಪ್ಪಿಸಬೇಕು, ವರ್ಬೇಟಿಮ್ ಎನ್ನುತ್ತಾರೆ. ಹೋಟೆಲಿನಲ್ಲಿ ದುಡಿಯುತ್ತಿದ್ದ ಕುಂದಾಪುರದ ಕಡೆಯ ಹುಡುಗನೊಬ್ಬ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) "ಊರಿನಿಂದ ಫೋನ್ ಬಂದರೆ ಹೊಟ್ಟೆ ಉರಿಯುತ್ತದೆ" ಎಂದ. ನಾನು ಅಸೂಯೆ ಎಂಬ ಅರ್ಥದ ಇಂಗ್ಲಿಷ್ ಪದ ಬರೆದು, ಊರಲ್ಲೇ ಉಳಿದ ಅಣ್ಣನ ಮೇಲಿನ ಅಸೂಯೆ ಎಂದು ಅರ್ಧ ಪುಟ ವಿಶ್ಲೇಷಣೆಯನ್ನೂ ಹೊಸೆದೆ. ಮರಾಠಿ ಮಾತೃಭಾಷೆಯ ಮೇಲ್ವಿಚಾರಕಿ ಆ ಪದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು. "ಅವನು ಆಡಿದ ಮಾತನ್ನೇ ಹೇಳು." ಹೇಳಿದೆ. "ಹಾಗೆಂದರೇನು ಎಂದು ಅವನನ್ನು ಕೇಳಿದೆಯಾ?" ಕೇಳಿರಲಿಲ್ಲ. ಕನ್ನಡ ನನಗೆ ಗೊತ್ತಿದೆಯಲ್ಲ ಎಂಬ ಜಂಬ! ಮುಂದಿನ ವಾರ ಕೇಳಿದರೆ, ಅವ್ವ ಊಟ ಬಿಟ್ಟು ಮಲಗಿದ್ದಾಳೆ, ತಾನು ಇಲ್ಲಿ ಪರರಿಗೆ ಬಡಿಸುತ್ತಿದ್ದೇನೆ ಎಂಬ ಸಂಕಟ ಅದು. ಅಂದಿನಿಂದ ಕನ್ನಡದ ಸಾಲನ್ನು ಕನ್ನಡ ಲಿಪಿಯಲ್ಲೇ ಬರೆದು ಕೆಳಗೆ ಇಂಗ್ಲಿಷ್ ಕೊಡತೊಡಗಿದೆ. ಯಾರೂ ಆಕ್ಷೇಪಿಸಲಿಲ್ಲ.

ಕೆಲಸದ ವಿಷಯದಲ್ಲಿ ಕನ್ನಡ ನಿಮ್ಮ ಕೈ ಹಿಡಿಯುತ್ತದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಕನ್ನಡದಲ್ಲೂ ಇದೆ. ಮುಂಬೈಯಲ್ಲೇ ಕನ್ನಡದಲ್ಲಿ ಮಾತನಾಡುವವರು ಸಿಕ್ಕರೆ ಸಾಕು ಎಂದು ಹುಡುಕಿಕೊಂಡು ಬರುವವರಿದ್ದಾರೆ. ಆರಂಭದ ಸಂಬಳ ಮಾತ್ರ ಈ ಊರಿನ ಬಾಡಿಗೆಗೆ ಸಾಲದು, ಅದನ್ನು ಮುಚ್ಚಿಡುವುದಿಲ್ಲ.

ಸೇರುವ ಮೊದಲು ಒಂದು ದಿನ ಬಂದು ಎರಡನೇ ವರ್ಷದವರನ್ನು ಕಾಣಿ. ವಾರಕ್ಕೆ ಎಷ್ಟು ಜನರನ್ನು ನೋಡುತ್ತೀರಿ, ಮೇಲ್ವಿಚಾರಕರು ಎಷ್ಟು ಹೊತ್ತು ಸಿಗುತ್ತಾರೆ ಎಂದು ಕೇಳಿ. ಕಚೇರಿಯಲ್ಲಿ ಬೇಡ, ಕ್ಯಾಂಟೀನಿನಲ್ಲಿ ಕೇಳಿ.