ಹೊಡೆತ ತಿಂದು ಬೆಳೆದವರು ಕುಸ್ತಿ ಕಲಿತರೆ ಆ ಭಯ ಹೋಗುತ್ತಾ?

ಚಿತ್ರದುರ್ಗದಲ್ಲಿ ಕೆಲಸ, ವಯಸ್ಸು 28, ಚಿಕ್ಕಂದಿನಲ್ಲಿ ಮನೆಯಲ್ಲಿ ಸಿಕ್ಕಾಪಟ್ಟೆ ಹೊಡೆತ, ಈಗಲೂ ಪಕ್ಕದಲ್ಲಿ ಯಾರಾದರೂ ಕೈ ಎತ್ತಿದರೆ ಮೈ ಮುದುಡುತ್ತೆ, ಕರಾಟೆಯೋ ಕುಸ್ತಿಯೋ ಸೇರಿದರೆ ಹೋಗುತ್ತಾ ಅಂತ ಕೇಳಿದ್ದೀರಿ. ಪೂರ್ತಿ ಹೋಗಲ್ಲ. ನನಗೆ ಮುಕ್ಕಾಲು ಪಾಲು ಹೋಗಿದೆ. ಹೇಗೆ ಅಂತ ಹೇಳ್ತೀನಿ.

ನಾನು ದಾವಣಗೆರೆಯವನು. ಅಪ್ಪ ಹತ್ತಿ ಮಿಲ್ಲಿನಲ್ಲಿದ್ದರು. ಮಿಲ್ಲು ಮುಚ್ಚಿ ಅವರ ಕೆಲಸ ಹೋದ ಮೇಲೆ, ಬಾಗಿಲ ಹಿಂದೆ ಮೊಳೆಗೆ ನೇತಾಡ್ತಿದ್ದ ಬೆಲ್ಟಿಗೆ ಕೆಲಸ ಸಿಕ್ಕಿತು. ಕೆಲಸ ಕಳ್ಕೊಂಡ ಎಲ್ಲಾ ಅಪ್ಪಂದಿರೂ ಮಕ್ಕಳನ್ನ ಬಡಿಯಲಿಲ್ಲ, ಅದನ್ನೂ ಹೇಳಿಬಿಡ್ತೀನಿ.

26ನೇ ವಯಸ್ಸಲ್ಲಿ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೀತಿದ್ದೆ. ಒಂದು ದಿನ ಸಾಹುಕಾರರು ನನ್ನ ತಲೆ ಮೇಲಿನ ಹಲಗೆಯಿಂದ ಖಾತೆ ಪುಸ್ತಕ ತೆಗೆಯೋಕೆ ಕೈ ಚಾಚಿದರು, ಅಷ್ಟೇ. ನಾನು ಎರಡೂ ಕೈಯಲ್ಲಿ ತಲೆ ಮುಚ್ಕೊಂಡು ಗಲ್ಲಾಪೆಟ್ಟಿಗೆ ಪಕ್ಕ ಕುಸಿದು ಕೂತೆ. ಗಿರಾಕಿಗಳು ನಕ್ಕರು. ನಗದೇ ಇದ್ದವನು ಚೀಲ ಹೊರೋ ಹಮಾಲಿ ಒಬ್ಬನೇ. ಸಂಜೆ ಮಂಡಕ್ಕಿ-ಮೆಣಸಿನಕಾಯಿ ತಿನ್ನುವಾಗ "ನಾಳೆ ಬೆಳಗ್ಗೆ ಗರಡಿ ಕಡೆ ಬಾರಣ್ಣ" ಅಂದ.

ಅದಕ್ಕೂ ಮೊದಲು ಒಂದು ಕರಾಟೆ ಕ್ಲಾಸಿಗೆ ಸೇರಿದ್ದೆ. ಕಾಲು ತಪ್ಪಿಟ್ಟರೆ ಮೇಷ್ಟ್ರು ಬೆತ್ತದಲ್ಲಿ ಮಂಡಿ ಹಿಂದೆ ಬಾರಿಸೋರು. ಮೂರನೇ ದಿನಕ್ಕೆ ಬಿಟ್ಟೆ. ಕರಾಟೆಯ ತಪ್ಪಲ್ಲ ಅದು. ಏನು ಕಲೀತೀರಿ ಅನ್ನೋದಕ್ಕಿಂತ ಯಾರ ಹತ್ತಿರ ಕಲೀತೀರಿ ಅಂತ ಮೊದಲು ನೋಡಿ.

ಗರಡಿಯಲ್ಲಿ ಉಸ್ತಾದರು ಒಂದು ತಿಂಗಳು ನನ್ನನ್ನ ಯಾರ ಜೊತೆಗೂ ಬಿಡಲಿಲ್ಲ. ಆಂಜನೇಯನಿಗೆ ಕೈ ಮುಗಿ, ಗುದ್ದಲಿ ಹಿಡಿ, ಮಟ್ಟಿ ಅಗಿ. ಎಣ್ಣೆ, ಮಜ್ಜಿಗೆ, ಅರಿಶಿನ, ಕರ್ಪೂರ ಹಾಕಿ ಹದ ಮಾಡಿದ ಕೆಂಪು ಮಣ್ಣು, ಅಗೆದಷ್ಟೂ ಘಮ್ಮನ್ನುತ್ತೆ. ಆಮೇಲೆ ದಂಡ, ಬಸ್ಕಿ. ನಾನು ಇದೇನು ಬಿಟ್ಟಿ ಚಾಕರಿ ಅಂದ್ಕೊಂಡಿದ್ದೆ.

ಮೊದಲ ಸಲ ಜೋಡಿ ಬಿಟ್ಟಾಗ ಎದುರಿಗೆ ಅದೇ ಹಮಾಲಿ. ಕತ್ತಿನ ಹಿಂದೆ ಅವನ ಅಂಗೈ ಬಿದ್ದಿದ್ದೇ ತಡ, ಕಲ್ಲಾಗಿ ನಿಂತೆ. ಕಿವಿಯಲ್ಲಿ ಗುಂಯ್. ಉಸ್ತಾದರು ಹತ್ತಿರ ಬಂದು ಮೆಲ್ಲಗೆ, "ತಮ್ಮಾ, ಅವ ನಿನ್ನ ಕತ್ತು ಹಿಡಿದಾನೆ, ಉಸಿರಲ್ಲ. ಉಸಿರು ನೀನೇ ಹಿಡ್ಕಂಡೀಯ. ಬಿಡು" ಅಂದರು. ಬಿಟ್ಟೆ. ಅಳು ಬಂತು, ಮಣ್ಣು ಮುಖಕ್ಕೆ ಮೆತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ ಅಂತ ಇವತ್ತಿಗೂ ನಂಬಿದೀನಿ.

ನೋಡಿ, ಕುಸ್ತಿಯಲ್ಲಿ ಮೊದಲು ಕೈ ಕುಲುಕ್ತಾರೆ, ಆಮೇಲೆ ಮೈ ಮುಟ್ತಾರೆ. ಪಾಠದ ಹೊತ್ತಲ್ಲಿ "ಬಿಡು" ಅಂದರೆ ಬಿಟ್ಟೇಬಿಡ್ತಾರೆ. ಅಪ್ಪನ ಕೈ ಹೇಳದೆ ಬರ್ತಿತ್ತು, ಬಿಡು ಅಂದರೆ ಇನ್ನೆರಡು ಜಾಸ್ತಿ ಬೀಳ್ತಿತ್ತು. ಹೇಳಿ ಬರೋ ಕೈ, "ಬಿಡು" ಅಂದರೆ ಬಿಡೋ ಕೈ ಕೂಡ ಇರುತ್ತೆ ಅಂತ ನನ್ನ ಕತ್ತಿಗೆ ನಂಬಿಕೆ ಬರೋಕೆ ಎಂಟು ತಿಂಗಳು ಬೇಕಾಯ್ತು. ಪೈಲ್ವಾನ ಆಗಲಿಲ್ಲ ಬಿಡಿ. ದುಗ್ಗಮ್ಮನ ಜಾತ್ರೆ ಕುಸ್ತಿಯಲ್ಲಿ ನನ್ನ ಸಾಧನೆ ಅಂದರೆ ಬೇರೆಯವರಿಗೆ ನೀರು ಕೊಟ್ಟಿದ್ದು.

ಒಂದು ಮಾತು ಮುಚ್ಚಿಡಬಾರದು. ನಡುವೆ ಎರಡು ತಿಂಗಳು ನಿದ್ದೆ ಪೂರ್ತಿ ಕೆಟ್ಟಿತ್ತು. ಮರೆತಿದ್ದೆಲ್ಲಾ ಕನಸಲ್ಲಿ ಬರೋಕೆ ಶುರುವಾಯ್ತು. ಗರಡಿಯಲ್ಲಿ ಅದಕ್ಕೆ ಮದ್ದಿರಲಿಲ್ಲ, ಮನೋವೈದ್ಯರ ಹತ್ತಿರ ಹೋದೆ. ಹಾವು ಕಂಡಾಗ ಯೋಚನೆಗೂ ಮೊದಲೇ ಕಾಲು ಹಿಂದಕ್ಕೆ ಬರುತ್ತಲ್ಲ, ನಿಮ್ಮ ಮೈ ಎಲ್ಲಾ ಕೈಯನ್ನೂ ಹಾವು ಅಂತ ಕಲ್ತುಬಿಟ್ಟಿದೆ ಅಂದರು. ಕೆಲವು ತಿಂಗಳು ಮಾತ್ರೆ, ಮಾತುಕತೆ, ಜೊತೆಗೆ ಗರಡಿ. ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕು ಅಂದ್ಕೋಬೇಡಿ. ಪಕ್ಕದ ಬಳ್ಳಾರಿಯಲ್ಲಿ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ, ಊರ ಹತ್ತಿರದ ಆಸ್ಪತ್ರೆಗಳಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡೋಕೆ ಮಾಡಿ ನೋಡಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಗಿದ್ದು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ವಿಚಾರಿಸಿ. ರಾತ್ರಿ ತಡೆಯೋಕೆ ಆಗದಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಅಪ್ಪನಿಗೆ ಈಗ ಕೈ ನಡುಗುತ್ತೆ, ಅಂಗಿ ಗುಂಡಿ ನಾನೇ ಹಾಕ್ತೀನಿ. ಕ್ಷಮಿಸಿದ್ದೀಯಾ ಅಂತ ಕೇಳ್ತಾರೆ ಜನ. ಗುಂಡಿ ಹಾಕ್ತೀನಿ, ಅಷ್ಟೇ. ಬೆಲ್ಟಿನ ಬಕಲ್ ಸದ್ದಿಗೆ ಇವತ್ತೂ ಬೆನ್ನು ಜುಂ ಅನ್ನುತ್ತೆ.

ಸೇರೋ ಮುಂಚೆ ಒಂದು ವಾರ ಸುಮ್ಮನೆ ಹೋಗಿ ಮೂಲೆಯಲ್ಲಿ ಕೂತು ನೋಡಿ. ಹೊಸ ಹುಡುಗ "ಬಿಡು" ಅಂದಾಗ ಎದುರಿನವನು ಬಿಡ್ತಾನಾ, ಉಸ್ತಾದರು ಬಿಡಿಸ್ತಾರಾ ಗಮನಿಸಿ. ಇಲ್ಲ ಅಂದರೆ ಚಪ್ಪಲಿ ಮೆಟ್ಕೊಂಡು ವಾಪಸ್ ಬನ್ನಿ, ಇನ್ನೊಂದು ಗರಡಿ ಹುಡುಕಿ.