ಮನ್ನಾ ಆದ ಸಾಲದ ಹಣ ಯಾರ ಕೈ ಸೇರುತ್ತದೆ?

ಪ್ರಶ್ನೆ: 2024ರ ನವೆಂಬರ್‌ನಲ್ಲಿ ಅಮೆರಿಕವು ಸೊಮಾಲಿಯಾದ 110 ಕೋಟಿ ಡಾಲರ್‌ಗೂ ಹೆಚ್ಚಿನ ಸಾಲ ಮನ್ನಾ ಮಾಡಿತೆಂದು ಓದಿದೆ. ಅಷ್ಟು ಹಣ ಸೊಮಾಲಿಯಾಕ್ಕೆ ಸಿಕ್ಕಂತಾಯಿತೇ? ಅಮೆರಿಕದ ತೆರಿಗೆದಾರರಿಗೆ ಅಷ್ಟೂ ನಷ್ಟವೇ?

ಉತ್ತರ: ಎರಡೂ ಅಲ್ಲ. ಅಂದು ಒಂದು ಡಾಲರ್ ಕೂಡ ಕೈ ಬದಲಿಸಲಿಲ್ಲ. ಆ ಸಾಲದ ಬೇರು ಇರುವುದು ಸೊಮಾಲಿಯಾದ ಸರ್ವಾಧಿಕಾರಿ ಸಿಯಾದ್ ಬರೆಯ ಆಳ್ವಿಕೆಯ ಕಾಲದಲ್ಲಿ. 1991ರಲ್ಲಿ ಆ ಸರ್ಕಾರ ಕುಸಿದುಬಿತ್ತು. ಆಮೇಲೆ ಕಂತು ಕಟ್ಟುವುದಿರಲಿ, ಕಂತು ಕೇಳಲು ಎದುರಿಗೊಂದು ಸರ್ಕಾರ ಸಿಗುವುದೇ ವರ್ಷಗಟ್ಟಲೆ ಕಷ್ಟವಾಗಿತ್ತು. ಕಂತು ತಪ್ಪಿತು, ತಪ್ಪಿದ ಕಂತಿನ ಮೇಲೆ ಬಡ್ಡಿ ಬೆಳೆಯಿತು. ಪತ್ರಿಕೆಯಲ್ಲಿ ನೀವು ಕಂಡ ದೊಡ್ಡ ಮೊತ್ತದಲ್ಲಿ ಈ ಬಡ್ಡಿಯದೇ ದೊಡ್ಡ ಪಾಲು.

ಅಮೆರಿಕದ 1990ರ ಕಾಯ್ದೆಯೊಂದರ ಪ್ರಕಾರ ಸರ್ಕಾರ ಕೊಟ್ಟ ಸಾಲಕ್ಕೆ, ಅದರಲ್ಲಿ ಎಷ್ಟು ವಸೂಲಾದೀತು ಎಂದು ನೋಡಿ ಬೆಲೆ ಕಟ್ಟಬೇಕು. ಮನ್ನಾ ಮಾಡುವಾಗ ಬಜೆಟ್ಟಿನಲ್ಲಿ ತೆಗೆದಿಡುವುದು ಆ ಅಂದಾಜು ಬೆಲೆಯನ್ನು ಮಾತ್ರ. ಸೊಮಾಲಿಯಾದಂಥ ಸಾಲದಲ್ಲಿ ಅದು ಮುಖಬೆಲೆಯ ಒಂದು ತುಣುಕು. ತೆರಿಗೆದಾರರ ನಷ್ಟ ಎಂದೋ ಆಗಿಹೋಗಿತ್ತು. ಲೆಕ್ಕದ ಪುಸ್ತಕ ಅದನ್ನು ತಡವಾಗಿ ಒಪ್ಪಿಕೊಂಡಿತು.

ಹಾಗೆಂದು ಇದು ಬರೀ ಕಾಗದದ ಆಟವೂ ಅಲ್ಲ. ತಮಗೆ ಬಾಕಿ ಉಳಿಸಿಕೊಂಡ ದೇಶಕ್ಕೆ ವಿಶ್ವಬ್ಯಾಂಕ್ ಆಗಲಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಆಗಲಿ ಹೊಸ ಸಾಲ ಕೊಡುವುದಿಲ್ಲ. ಅತಿಯಾಗಿ ಸಾಲದಲ್ಲಿ ಮುಳುಗಿದ ಬಡ ದೇಶಗಳಿಗೆಂದು ಅವೆರಡೂ 1996ರಲ್ಲಿ ತಂದ ಯೋಜನೆಯನ್ನು ಸೊಮಾಲಿಯಾ ಮುಗಿಸಿದ್ದು 2023ರ ಡಿಸೆಂಬರ್‌ನಲ್ಲಿ. 2018ರಲ್ಲಿ ಜಿಡಿಪಿಯ ಶೇ 64ರಷ್ಟಿದ್ದ ಹೊರಸಾಲ ಆ ಹೊತ್ತಿಗೆ ಶೇ 6ಕ್ಕಿಂತ ಕೆಳಗಿಳಿಯಿತು. ಅಮೆರಿಕದ ಮನ್ನಾ ಅದೇ ಏರ್ಪಾಡಿನ ಭಾಗ. ಸೊಮಾಲಿಯಾ ಗಳಿಸಿದ್ದು ಹಣವನ್ನಲ್ಲ, ಸುಸ್ತಿದಾರ ಪಟ್ಟದಿಂದ ಬಿಡುಗಡೆಯನ್ನು.

ನೈಜೀರಿಯಾದ ಕಥೆ ಇದಕ್ಕೆ ತೀರಾ ಬೇರೆ. 2005ರಲ್ಲಿ ಸಾಲ ಕೊಟ್ಟ ಸರ್ಕಾರಗಳ ಕೂಟವಾದ ಪ್ಯಾರಿಸ್ ಕ್ಲಬ್ ಆ ದೇಶದ 1,800 ಕೋಟಿ ಡಾಲರ್ ಬಿಟ್ಟುಕೊಟ್ಟಿತು. ಆದರೆ ಉಳಿದ ಲೆಕ್ಕ ಚುಕ್ತಾ ಮಾಡಲು ನೈಜೀರಿಯಾ ಸುಮಾರು 1,240 ಕೋಟಿ ಡಾಲರ್ ಕಟ್ಟಬೇಕಾಯಿತು. ತೈಲದ ಬೆಲೆ ಏರಿದ್ದರಿಂದ ಕಟ್ಟಲು ಸಾಧ್ಯವಾಯಿತು. 'ಮನ್ನಾ' ಎಂಬ ತಲೆಬರಹದ ಕೆಳಗೆ ನಿಜವಾದ ಹಣ ಹರಿದದ್ದು ಬಡವರಿಂದ ಶ್ರೀಮಂತರ ಕಡೆಗೆ! ಇನ್ನೂ ತಮಾಷೆ ಎಂದರೆ, ಬಿಟ್ಟುಕೊಟ್ಟ ಮೊತ್ತವನ್ನು ಶ್ರೀಮಂತ ದೇಶಗಳು ತಮ್ಮ ವಿದೇಶಿ ನೆರವಿನ ಲೆಕ್ಕಕ್ಕೆ ಸೇರಿಸಿಕೊಂಡವು.

ಪ್ರಶ್ನೆ: ಸಾಲ ಕೊಟ್ಟ ಒಬ್ಬರು ಮನ್ನಾ ಮಾಡಿದರೆ ಉಳಿದವರೂ ಮಾಡಲೇಬೇಕೇ?

ಉತ್ತರ: ಹಾಗೆ ಕಟ್ಟಿಹಾಕುವ ಅಂತರರಾಷ್ಟ್ರೀಯ ಕಾನೂನಿಲ್ಲ. ಸಾಲ ಕೊಟ್ಟ ಇತರರಿಂದಲೂ ಅಷ್ಟೇ ರಿಯಾಯಿತಿ ಕೇಳಬೇಕೆಂದು ಪ್ಯಾರಿಸ್ ಕ್ಲಬ್ ಸಾಲ ಪಡೆದ ದೇಶಕ್ಕೆ ಷರತ್ತು ಹಾಕುತ್ತದೆ. ಆದರೆ ಸಾಲ ಕೊಡುವ ಚೀನಾ ಆ ಕ್ಲಬ್ಬಿನ ಸದಸ್ಯನಲ್ಲ. ಸಾಲ ಕೊಟ್ಟ ಖಾಸಗಿಯವರನ್ನು ಒಪ್ಪಿಸುವುದು ಇನ್ನೂ ಕಷ್ಟ. ಜಾಂಬಿಯಾವನ್ನೇ ನೋಡಿ. 1979ರಲ್ಲಿ ರೊಮೇನಿಯಾ ಅದಕ್ಕೆ ಟ್ರ್ಯಾಕ್ಟರ್‌ ಮುಂತಾದ ಕೃಷಿ ಯಂತ್ರಗಳಿಗೆ ಸಾಲ ಕೊಟ್ಟಿತ್ತು. 1999ರಲ್ಲಿ ಡೊನೆಗಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ ಆ ಸಾಲಪತ್ರವನ್ನು ಸುಮಾರು 33 ಲಕ್ಷ ಡಾಲರ್‌ಗೆ ಕೊಂಡು, ಲಂಡನ್ ನ್ಯಾಯಾಲಯದಲ್ಲಿ 5.5 ಕೋಟಿ ಕೇಳಿತು. 2007ರಲ್ಲಿ ಅದಕ್ಕೆ ದಕ್ಕಿದ ತೀರ್ಪು ಸುಮಾರು 1.5 ಕೋಟಿ ಡಾಲರ್‌ನದು. ಈ ಬಗೆಯ ದಾವೆಗಳಿಗೆ ಬ್ರಿಟನ್ 2010ರಲ್ಲಿ ಕಾಯ್ದೆ ತಂದು ಮಿತಿ ಹಾಕಿತು. ಅದು ಆ 1996ರ ಯೋಜನೆಯ ದೇಶಗಳ ಹಳೆಯ ಸಾಲಕ್ಕೆ ಮಾತ್ರ.